ಅದು ಅರಗಲ್ಲ, ಉರುಶಿ

ಮಾನ್ಯರೇ,

ಜಪಾನಿನ ಸಮುರಾಯ್ ಕವಚಗಳ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಸೊಗಸಾಗಿತ್ತು. ಆದರೆ ‘ಕಬ್ಬಿಣದ ಬಿಲ್ಲೆಗಳಿಗೆ ಅರಗು ಬಳಿದು ಬಿಸಿಲಿಗಿಟ್ಟು ಒಣಗಿಸುತ್ತಿದ್ದರು’ ಎಂಬ ಒಂದೇ ಸಾಲಿನಲ್ಲಿ ಮೂರು ತಪ್ಪುಗಳಿವೆ.

ಅರಗು ಹುಳುವಿನಿಂದ ಬರುವಂಥದ್ದು. ಚನ್ನಪಟ್ಟಣದ ಬೊಂಬೆಗೆ ಅದು ಹತ್ತುವುದು ಲೇತ್ ಮೇಲೆ ಉಜ್ಜಿದಾಗ ಹುಟ್ಟುವ ಬಿಸಿಗೆ ಕರಗಿ. ಮತ್ತೆ ಕಾಯಿಸಿದರೆ ಮೆತ್ತಗಾಗುತ್ತದೆ, ಸ್ಪಿರಿಟ್ಟಿನಲ್ಲಿ ಕರಗಿಯೇ ಹೋಗುತ್ತದೆ. ಕವಚಕ್ಕೆ ಬಳಿದದ್ದು ಉರುಶಿ ಮರದ ಸೊನೆ. ನಮ್ಮ ಗೋಡಂಬಿ, ಮಲೆನಾಡಿನ ಹೊಳೆಗೇರು ಇವುಗಳ ಕುಟುಂಬಕ್ಕೇ ಸೇರಿದ ಮರ. ಸೊನೆ ತಾಗಿದರೆ ಮೈ ಕೆರೆದು ಬೊಬ್ಬೆ ಏಳುವುದೂ ಹಾಗೆಯೇ. ಹತ್ತು–ಹದಿನೈದು ವರ್ಷ ಬೆಳೆದ ಮರಕ್ಕೆ ಹಂಗಾಮಿಡೀ ಗೀರು ಹಾಕಿದರೂ ಸಿಗುವುದು ಸುಮಾರು 200 ಗ್ರಾಂ.

ಬಿಸಿಲಿಗಿಟ್ಟರೆ ಉರುಶಿ ಕೆಡುತ್ತದೆ. ಸೊನೆಯೊಳಗಿನ ಲಾಕೇಸ್ ಎಂಬ ಕಿಣ್ವ ಗಾಳಿಯ ಆಮ್ಲಜನಕ ಹಿಡಿದು ಅದನ್ನು ಗಟ್ಟಿಮಾಡಬೇಕು; ಅದಕ್ಕೆ 20–25 ಡಿಗ್ರಿ ಶಾಖ, ಶೇ 70–80ರಷ್ಟು ತೇವ ಬೇಕು. ಆದ್ದರಿಂದ ಒಳಗೆ ನೀರು ಸವರಿದ ಮರದ ಪೆಟ್ಟಿಗೆಯಲ್ಲಿಡುತ್ತಾರೆ. ಆತುರಕ್ಕೆ ದಪ್ಪಗೆ ಬಳಿದರೆ ಮೇಲ್ಪದರ ಮೊದಲು ಬಿಗಿದು ಸುಕ್ಕುಗಟ್ಟುತ್ತದೆ, ಅಡಿಯಲ್ಲಿ ಹಸಿಯಾಗಿಯೇ ಉಳಿಯುತ್ತದೆ. ಕಬ್ಬಿಣದ ಮೇಲೆ ಮಾತ್ರ ಬೇರೆ ದಾರಿ: ಬರಿ ಲೋಹಕ್ಕೆ ಉರುಶಿ ಸರಿಯಾಗಿ ಕಚ್ಚುವುದಿಲ್ಲ, ಹಾಗಾಗಿ ಮೊದಲ ಪದರವನ್ನು ಬೆಂಕಿಯ ಕಾವಿನಲ್ಲೇ ಸುಟ್ಟು ಹಿಡಿಸುತ್ತಾರೆ.

ಇನ್ನು ಬಿಲ್ಲೆಗಳೆಲ್ಲ ಕಬ್ಬಿಣದವೂ ಅಲ್ಲ. ಕೊಜಾನೆ ಎಂಬ ಆ ಬಿಲ್ಲೆಗಳಲ್ಲಿ ಬಡಿದು ಗಟ್ಟಿಮಾಡಿದ ಹಸಿ ತೊಗಲಿನವು ಬಹಳ. ಪೆಟ್ಟು ಬೀಳುವ ಕಡೆ ಮಾತ್ರ ನಡುನಡುವೆ ಕಬ್ಬಿಣದವನ್ನು ಸೇರಿಸಿ ಭಾರ ಉಳಿಸುತ್ತಿದ್ದರು. ಒಂದೊಂದು ಬಿಲ್ಲೆಯೂ ಪಕ್ಕದ್ದನ್ನು ಅರ್ಧ ಮುಚ್ಚುವುದರಿಂದ ಮೈಯುದ್ದಕ್ಕೂ ಎರಡು ಪದರ ಸಿಗುತ್ತದೆ. ತೊಗಲ ದಾರದಲ್ಲಿ ಸಾಲು ಕಟ್ಟಿ, ಸಾಲಿಗೆ ಸಾಲೇ ಉರುಶಿ ಬಳಿದು, ಆಮೇಲೆ ರೇಷ್ಮೆ ಹುರಿಯಿಂದ ಸಾಲುಗಳನ್ನು ಒಂದರ ಕೆಳಗೊಂದು ತೂಗುಹಾಕುವುದು ಕ್ರಮ.

ಚಿತ್ರದ ಅಡಿಬರಹವೂ ತಪ್ಪು. ‘12ನೇ ಶತಮಾನದ ಓ-ಯೊರೊಯಿ’ (ಹಳೆಯ ಕಾಲದ ಕುದುರೆ ಸವಾರ ಸಮುರಾಯ್‌ಗಳ ದೊಡ್ಡ ಕವಚ) ಎಂದಿದೆ. ಚಿತ್ರದಲ್ಲಿರುವುದು ಎರಡೆರಡೇ ಎಳೆ ಹಾಕಿ ನಡುವೆ ಜಾಗ ಬಿಟ್ಟ ಸುಗಾಕೆ ಹೆಣಿಗೆ. ಅದು ವ್ಯಾಪಕವಾದದ್ದು 16ನೇ ಶತಮಾನದಲ್ಲಿ. ಹಳೆಯ ಕೆಬಿಕಿ ಹೆಣಿಗೆ ಒತ್ತೊತ್ತಾಗಿ ಬಿಲ್ಲೆಗಳನ್ನೇ ಮರೆಮಾಡುತ್ತದೆ. ನೋಡಲು ಚೆಂದ, ದಂಡಿನಲ್ಲಿ ಕಷ್ಟ: ಮಳೆ ನೀರು ಕುಡಿದು ಭಾರವಾಗುವುದು, ಚಳಿಗೆ ಹೆಪ್ಪುಗಟ್ಟುವುದು, ಕೆಸರು ಹಿಡಿಯುವುದು, ಹೇನು ಸೇರುವುದು. ತಿಂಗಳುಗಟ್ಟಲೆ ಬಯಲಲ್ಲಿ ಬೀಡುಬಿಡುವ ಸೈನ್ಯಕ್ಕೆ ಅದು ಒಗ್ಗಲಿಲ್ಲ.

ನಿಜವಾದ ಓ-ಯೊರೊಯಿಯ ಚಿತ್ರ ಹಾಕುವುದಾದರೆ ಎಹಿಮೆ ಪ್ರಾಂತ್ಯದ ಓಮಿಶಿಮಾ ದ್ವೀಪದಲ್ಲಿರುವ ಓಯಾಮಜುಮಿ ದೇಗುಲದ ಸಂಗ್ರಹದಿಂದ ಆರಿಸಬಹುದು.

– ಓದುಗ, ಸಾಗರ