ಮೆಕ್ಕೆಜೋಳಕ್ಕೆ ಹೆದ್ದಾರಿಯೇ ಕಣವಾಗಬೇಕೆ?

ಮಾನ್ಯ ಸಂಪಾದಕರೇ,

ನಮ್ಮ ದೇಶದಲ್ಲಿ ದುಡಿಯುವ ನೂರು ಮಂದಿಯಲ್ಲಿ ಸುಮಾರು 45 ಮಂದಿ ಇಂದಿಗೂ ಕೃಷಿಯನ್ನೇ ನೆಚ್ಚಿಕೊಂಡಿದ್ದಾರೆ. ಆದರೆ ರಾಷ್ಟ್ರೀಯ ಉತ್ಪನ್ನದಲ್ಲಿ ಕೃಷಿಯ ಪಾಲು ಐದನೇ ಒಂದಕ್ಕಿಂತಲೂ ಕಡಿಮೆ. ರೈತರು ಮೈಗಳ್ಳರೆಂಬ ಕಾರಣಕ್ಕೆ ಈ ಅಂತರ ಉಂಟಾದದ್ದಲ್ಲ. ಬೆಳೆದದ್ದು ಕಾಳಿನ ರೂಪದಲ್ಲೇ ಊರು ಬಿಟ್ಟುಹೋಗಿ, ಅದು ಪಿಷ್ಟವಾಗಿ, ಕೋಳಿ ಆಹಾರವಾಗಿ, ಎಥೆನಾಲ್ ಆಗಿ ಬೆಲೆ ಹೆಚ್ಚಿಸಿಕೊಳ್ಳುವುದು ಬಹುಪಾಲು ಬೇರೆಯವರ ಕೈಯಲ್ಲಿ. ಜಗತ್ತಿನ ಕೋಕೋ ಬೀಜದಲ್ಲಿ ಸುಮಾರು ಅರ್ಧದಷ್ಟನ್ನು ಬೆಳೆಯುವ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಗೆ ಚಾಕೊಲೇಟ್ ವ್ಯಾಪಾರದ ಲಾಭದಲ್ಲಿ ಸಿಗುವುದು ಅಲ್ಪ ಪಾಲು ಮಾತ್ರ. ದಾವಣಗೆರೆ ಜಿಲ್ಲೆಯ ಮೆಕ್ಕೆಜೋಳದ ಕತೆಯೂ ಇದಕ್ಕಿಂತ ಬಹಳ ಭಿನ್ನವಲ್ಲ.

ಸುಗ್ಗಿಯ ದಿನಗಳಲ್ಲಿ ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆ ಹೋದವರಿಗೆ ರಸ್ತೆಯ ಒಂದು ಬದಿಯುದ್ದಕ್ಕೂ ಹರವಿದ ಕಾಳು, ಅದರ ಅಂಚಿಗೆ ಇಟ್ಟ ಕಲ್ಲುಗಳು, ಮೋಡ ಕಂಡೊಡನೆ ತಾಡಪಾಲು ಹಿಡಿದು ಓಡುವ ಹೆಂಗಸರು ಕಣ್ಣಿಗೆ ಬೀಳುತ್ತಾರೆ. ರಾತ್ರಿ ಹೊತ್ತು ಆ ಕಲ್ಲುಗಳಿಗೆ ಬೈಕ್ ಸವಾರರು ಎಡವಿ ಬೀಳುವುದೂ ಉಂಟು. ಕೊಯ್ಲು ನಡೆಯುವ ಅಕ್ಟೋಬರ್–ನವೆಂಬರ್‌ನಲ್ಲಿ ಹಿಂಗಾರು ಮಳೆ ಇದ್ದೇ ಇರುತ್ತದೆ. ಒದ್ದೆಯಾದ ಕಾಳಿಗೆ ಬೂಷ್ಟು ಹಿಡಿದರೆ ಅದರಲ್ಲಿ ಹುಟ್ಟುವ ವಿಷ ಕೋಳಿ, ದನಕರುಗಳ ಆರೋಗ್ಯಕ್ಕೂ ಹಾನಿಕರ.

ಇದರ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೆಂಬಲ ಬೆಲೆಗೆ ಮಾರಲು ಕಾಳಿನ ತೇವಾಂಶ ಶೇ 14 ಮೀರಬಾರದು. ಶೇ 20 ತೇವಾಂಶವಿರುವ ಒಂದು ಕ್ವಿಂಟಲ್ ಕಾಳನ್ನು ಆ ಮಟ್ಟಕ್ಕೆ ಒಣಗಿಸಿದರೆ ಸುಮಾರು 93 ಕಿಲೋ ಉಳಿಯುತ್ತದೆ. ಅಂದರೆ ನ್ಯಾಯವಾಗಿ ಹೋಗಬೇಕಾದದ್ದು ಏಳು ಕಿಲೋದ ಬೆಲೆ ಮತ್ತು ಒಣಗಿಸುವ ಖರ್ಚು. ತೇವಾಂಶದ ಹೆಸರಿನಲ್ಲಿ ವ್ಯಾಪಾರಿ ಅದಕ್ಕಿಂತ ಹೆಚ್ಚು ಮುರಿದುಕೊಂಡರೆ ಅದು ನೀರಿನ ಲೆಕ್ಕವಲ್ಲ, ರೈತನ ತುರ್ತಿನ ಲೆಕ್ಕ. ಗೊಬ್ಬರದ ಸಾಲ ತೀರಿಸಬೇಕಾದವನು, ಇಡಲು ಜಾಗವಿಲ್ಲದವನು, ಮಾರುಕಟ್ಟೆಗೆ ತಂದ ಚೀಲವನ್ನು ಮರಳಿ ಮನೆಗೆ ಹೊರಲಾರ. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದರೂ, ಸುಗ್ಗಿಯಲ್ಲಿ ಮಾರಿದ ಬಹಳಷ್ಟು ರೈತರಿಗೆ ಅಷ್ಟು ಸಿಗಲಿಲ್ಲ.

ಇದೇ ಚನ್ನಗಿರಿಯಲ್ಲಿ ಅಡಿಕೆ ಬೆಳೆಗಾರರಿಗೆ ಸಹಕಾರ ಸಂಘದ ಬಲವಿದೆ. ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆಯನ್ನು ತುಮ್ಕೋಸ್‌ನಂಥ ಸಂಘದ ಮೂಲಕ ಮಾರುವ ಬೆಳೆಗಾರ ಬೆಲೆಗಾಗಿ ಒಂದಿಷ್ಟು ಕಾಯಬಲ್ಲ. ಮೆಕ್ಕೆಜೋಳ ಬೆಳೆಯುವ ಮಳೆಯಾಶ್ರಿತ ಸಣ್ಣ ಹಿಡುವಳಿದಾರನಿಗೆ ಹೀಗೆ ಕಾಯುವ ಶಕ್ತಿಯಿಲ್ಲ. ನನ್ನ ಅಭಿಪ್ರಾಯದಲ್ಲಿ ನಮ್ಮ ಜಿಲ್ಲೆಯ ಆರ್ಥಿಕ ಪ್ರಶ್ನೆಯ ತಿರುಳಿರುವುದು ಇಲ್ಲಿಯೇ.

ಕಾನೂನಿನಲ್ಲಿ ದಾರಿ ಇಲ್ಲವೆಂದೇನಲ್ಲ. 2007ರ ಉಗ್ರಾಣ ಕಾಯ್ದೆಯ ಪ್ರಕಾರ ನೋಂದಾಯಿತ ಗೋದಾಮಿನಲ್ಲಿ ದಾಸ್ತಾನಿಟ್ಟ ರೈತನು ಅದರ ರಸೀದಿಯನ್ನೇ ಅಡವಿಟ್ಟು ಬ್ಯಾಂಕಿನಿಂದ ಸಾಲ ಪಡೆದು, ಕೈಖರ್ಚು ತೂಗಿಸಿಕೊಂಡು, ಬೆಲೆ ಏರಿದ ಮೇಲೆ ಮಾರಬಹುದು. ಆದರೆ ಒಣಗದ ಕಾಳನ್ನು ಯಾವ ಗೋದಾಮಿನವರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಒಣಗಿಸುವ ಯಂತ್ರವೇ ಇಲ್ಲದ ಹೋಬಳಿಯಲ್ಲಿ ರಸೀದಿಯ ಯೋಜನೆ ಕಾಗದದ ಮೇಲೆ ಉಳಿಯುವುದು ಇದರಿಂದಲೇ.

ಬೇಡಿಕೆಯೂ ಇಲ್ಲದಿಲ್ಲ. ಪೆಟ್ರೋಲ್‌ಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ಸರ್ಕಾರವು 2030ರಿಂದ 2025ಕ್ಕೆ ಹಿಂದಕ್ಕೆ ತಂದ ಮೇಲೆ ಮೆಕ್ಕೆಜೋಳಕ್ಕೆ ದೊಡ್ಡದೊಂದು ಹೊಸ ಗಿರಾಕಿ ಹುಟ್ಟಿಕೊಂಡಿತು. ಮೊದಲು ರಫ್ತು ಮಾಡುತ್ತಿದ್ದ ನಮ್ಮ ದೇಶ 2024ರಲ್ಲಿ ಮ್ಯಾನ್ಮಾರ್, ಉಕ್ರೇನ್‌ಗಳಿಂದ ತರಿಸಿಕೊಳ್ಳುವ ಸ್ಥಿತಿಯೂ ಬಂದಿತ್ತು. ಹಾಗಿದ್ದೂ ಮರುವರ್ಷದ ಸುಗ್ಗಿಯಲ್ಲಿ ಬೆಲೆ ಕುಸಿದದ್ದನ್ನು ನೋಡಿದರೆ, ಬೇಡಿಕೆ ಹೆಚ್ಚಿದ ಮಾತ್ರಕ್ಕೆ ಬೆಳೆಗಾರನ ಕೈ ಬಲಗೊಳ್ಳುವುದಿಲ್ಲವೆಂಬುದು ಸ್ಪಷ್ಟ.

ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಗೆ ಹೊಲದ ಬೆಳೆಯನ್ನು ಊರಿನ ಕೂಲಿಯಾಗಿ ಮಾರ್ಪಡಿಸುವ ವಿದ್ಯೆ ಹೊಸದಲ್ಲ. ಸುತ್ತಲಿನ ಹತ್ತಿ ಇಲ್ಲಿನ ಗಿರಣಿಗಳಲ್ಲಿ ನೂಲಾಗಿ, ಬಟ್ಟೆಯಾಗಿ ಹೊರಡುತ್ತಿದ್ದ ಕಾಲದಲ್ಲಿ ಹಳ್ಳಿಯ ಎಷ್ಟೋ ಕುಟುಂಬಗಳು ತಿಂಗಳ ಸಂಬಳ ಕಂಡವು. ಗಿರಣಿಗಳು ಮುಚ್ಚಿದವು, ಹತ್ತಿಯ ಜಾಗಕ್ಕೆ ಮೆಕ್ಕೆಜೋಳ ಬಂದಿತು. ಆದರೆ ಗಿರಣಿಗಳು ಕೊಟ್ಟಿದ್ದಷ್ಟು ಕೆಲಸವನ್ನು ಹೊಸ ಬೆಳೆಯ ಸುತ್ತ ಕಟ್ಟಲು ನಮ್ಮಿಂದಾಗಿಲ್ಲ. ಓದಿದ ಮಕ್ಕಳು ಬೆಂಗಳೂರಿನ ಬಸ್ಸು ಹತ್ತುತ್ತಿರುವುದಕ್ಕೆ ಇದೂ ಒಂದು ಕಾರಣವೆಂದು ನಾನು ನಂಬಿದ್ದೇನೆ.

ದೊಡ್ಡ ಕಾರ್ಖಾನೆ ಬರಲಿ ಎಂದು ಕಾಯುವುದಕ್ಕಿಂತ ಮೊದಲು, ಮೆಕ್ಕೆಜೋಳ ಹೆಚ್ಚಾಗಿ ಬೆಳೆಯುವ ಪ್ರತಿ ಹೋಬಳಿಯಲ್ಲಿ ಕಾಂಕ್ರೀಟ್ ಕಣ, ಒಣಗಿಸುವ ಯಂತ್ರ, ತೇವಾಂಶ ಅಳೆಯುವ ಸಾಧನ ಮತ್ತು ನೋಂದಾಯಿತ ಗೋದಾಮು, ಇಷ್ಟನ್ನು ಎಪಿಎಂಸಿ ಹಾಗೂ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು ಸೇರಿ ಒದಗಿಸಲಿ. ಅವುಗಳನ್ನು ನಡೆಸುವ ಹೊಣೆಯನ್ನು ಮಹಿಳಾ ಸ್ವಸಹಾಯ ಸಂಘಗಳಿಗೆ ವಹಿಸಿದರೆ ಕೂಲಿಯೂ ಊರಿನಲ್ಲೇ ಉಳಿಯುತ್ತದೆ. ಬೆಂಬಲ ಬೆಲೆಯ ಖರೀದಿ ಕೇಂದ್ರಗಳನ್ನು ಸುಗ್ಗಿ ಮುಗಿಯುವ ಹೊತ್ತಿಗಲ್ಲ, ಮೊದಲ ಗಾಡಿ ಮಾರುಕಟ್ಟೆಗೆ ಬರುವ ಮುನ್ನವೇ ತೆರೆಯಬೇಕು. ಜಿಲ್ಲೆಯ ಶಾಸಕರೂ ಸಂಸದರೂ ಇದಕ್ಕೆ ಬೇಕಾದ ಹಣವನ್ನು ಬಜೆಟ್‌ನಲ್ಲಿ ಕೇಳಿ ಪಡೆಯಬೇಕೆಂದೂ, ಕೆಲಸವನ್ನು ಮಳೆಯಾಶ್ರಿತ ಜಗಳೂರು ತಾಲ್ಲೂಕಿನಿಂದಲೇ ಆರಂಭಿಸಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ಆಗ್ರಹಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ, ದಾವಣಗೆರೆ