ಎಡಗೈಯಲ್ಲಿ ಬರೆಯುವ ಮಕ್ಕಳ ಬಗ್ಗೆ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ, ನಮಸ್ಕಾರ.

ಈ ತಿಂಗಳು ಸಂಗೀತದ ಪೀರಿಯಡ್‌ನಲ್ಲಿ ಮಕ್ಕಳಿಗೆ ಎಲಿಜಬೆತ್ ಕಾಟನ್ ಅವರ ಗಿಟಾರ್ ಕೇಳಿಸುತ್ತಿದ್ದೇವೆ. ಇವರು ಅಮೆರಿಕದ ಜನಪದ ಹಾಡುಗಾರ್ತಿ. ಮಕ್ಕಳು ಮನೆಯಲ್ಲಿ ಇವರ ಹೆಸರು ಎತ್ತಿದರೆ ನಿಮಗೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ. ಜೊತೆಗೆ ನಿಮ್ಮಲ್ಲಿ ಒಂದು ಕೋರಿಕೆಯೂ ಇದೆ.

ಕಾಟನ್ ಹುಟ್ಟಿದ್ದು 1893ರಲ್ಲಿ, ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್ ಹತ್ತಿರ, ಒಂದು ಕಪ್ಪು ಕುಟುಂಬದಲ್ಲಿ. ಅಣ್ಣ ಮನೆಯಲ್ಲಿ ಇಲ್ಲದಾಗ ಅವನ ಬ್ಯಾಂಜೊ ಎತ್ತಿಕೊಂಡು ನುಡಿಸುತ್ತಿದ್ದರು. ಹುಡುಗಿಯದು ಎಡಗೈ, ವಾದ್ಯ ಬಲಗೈಯವರದು. ಅಣ್ಣನ ತಂತಿಗಳನ್ನು ಬಿಚ್ಚಿ ಬದಲಿಸೋ ಹಾಗಿಲ್ಲ. ವಾದ್ಯವನ್ನೇ ತಿರುಗಿಸಿ ಹಿಡಿದರು! ಮುಂದೆ ಮನೆಗೆಲಸ ಮಾಡಿ ಕೂಡಿಟ್ಟ ದುಡ್ಡಿನಲ್ಲಿ ಗಿಟಾರ್ ಕೊಂಡರು. ಅದನ್ನೂ ಹಾಗೇ ನುಡಿಸಿದರು. ದಪ್ಪ ತಂತಿ ಕೆಳಗೆ, ತೆಳು ತಂತಿ ಮೇಲೆ. ಬೇರೆಯವರು ಹೆಬ್ಬೆರಳಿನಲ್ಲಿ ನುಡಿಸುವ ಮಂದ್ರ ಸ್ವರಗಳನ್ನು ಇವರು ಉಳಿದ ಬೆರಳುಗಳಲ್ಲಿ ನುಡಿಸುತ್ತಿದ್ದರು. ಹಾಡಿನ ಧಾಟಿ ಹೆಬ್ಬೆರಳಿಗೆ. ಆ ಶೈಲಿಗೆ 'ಕಾಟನ್ ಪಿಕಿಂಗ್' ಅಂತಲೇ ಹೆಸರು ಬಂತು. ಬಲಗೈಯವರು ಇವತ್ತಿಗೂ ಅದನ್ನು ಕೂತು ಅಭ್ಯಾಸ ಮಾಡುತ್ತಾರೆ.

ಹೆಸರಾದ 'ಫ್ರೇಟ್ ಟ್ರೇನ್' ಹಾಡು ಕಟ್ಟಿದ್ದು ಚಿಕ್ಕ ಹುಡುಗಿಯಾಗಿದ್ದಾಗಲೇ. ಆಮೇಲೆ ಮದುವೆ, ಮಗು, ಚರ್ಚಿನವರ ಬುದ್ಧಿಮಾತು. ಗಿಟಾರ್ ದಶಕಗಳ ಕಾಲ ಮೂಲೆ ಸೇರಿತು. 1940ರ ದಶಕದ ಕೊನೆಗೆ ವಾಷಿಂಗ್ಟನ್ನಿನ ಒಂದು ದೊಡ್ಡ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ, ದಾರಿ ತಪ್ಪಿದ ಪೆಗ್ಗಿ ಎಂಬ ಮಗುವನ್ನು ತಾಯಿಗೆ ಒಪ್ಪಿಸಿದರು. ಅದು ಸಂಗೀತಗಾರರಾದ ಸೀಗರ್ ಕುಟುಂಬದ ಮಗು. ಆ ಮನೆಯಲ್ಲೇ ಅಡುಗೆ, ಕೆಲಸಕ್ಕೆ ಸೇರಿಕೊಂಡರು. ಗೋಡೆಗೆ ತೂಗುಹಾಕಿದ್ದ ಗಿಟಾರ್ ಮತ್ತೆ ಕೈಗೆ ಬಂತು. ಆ ಮನೆಯ ಮಗ ಮೈಕ್ ಸೀಗರ್ ಧ್ವನಿಮುದ್ರಿಸಿದ ಮೊದಲ ಆಲ್ಬಮ್ 1958ರಲ್ಲಿ ಬಂದಾಗ ಕಾಟನ್‌ಗೆ 65 ವರ್ಷ. ಮರಿಮಕ್ಕಳನ್ನು ಜೊತೆಗೆ ಸೇರಿಸಿಕೊಂಡು ಒಂದು ಹಾಡು ಕಟ್ಟಿದರು. ನನಗೆ ಇದೇ ಜಾಸ್ತಿ ಇಷ್ಟ. ತೊಂಬತ್ತು ದಾಟಿದ ಮೇಲೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. 1987ರಲ್ಲಿ ತೀರಿಕೊಂಡರು.

ಈಗ ಕೋರಿಕೆ. ನಿಮ್ಮ ಮಗು ಎಡಗೈಯಲ್ಲಿ ಬರೆಯುತ್ತಿದ್ದರೆ ದಯವಿಟ್ಟು ಬಲಗೈಗೆ ಬದಲಿಸಬೇಡಿ. ಕೈಗೆ ಹೊಡೆಯೋದು, ಪೆನ್ಸಿಲ್ ಕಿತ್ತು ಇನ್ನೊಂದು ಕೈಗೆ ಕೊಡೋದು ಖಂಡಿತ ಬೇಡ. ಊಟ, ಪೂಜೆಯ ರೂಢಿ ನಿಮ್ಮ ಮನೆಗೆ ಬಿಟ್ಟಿದ್ದು, ಅದರಲ್ಲಿ ನಾನು ತಲೆ ಹಾಕುವುದಿಲ್ಲ. ಆದರೆ ಅಕ್ಷರ, ಚಿತ್ರ, ವಾದ್ಯ ಇವೆಲ್ಲ ಮಗುವಿನ ಕೈಗೆ ಬಂದ ಹಾಗೆ ನಡೆಯಲಿ. ಹೆದರಿಕೊಂಡು ಬರೆಯುವ ಮಗು ಬರವಣಿಗೆಯನ್ನೇ ದ್ವೇಷಿಸುತ್ತದೆ, ಅಲ್ವಾ?

ನಮ್ಮ ಶಿಕ್ಷಕರಿಗೂ ಇದನ್ನೇ ಹೇಳಿದ್ದೇನೆ. ಎಡಗೈ ಮಕ್ಕಳನ್ನು ಬೆಂಚಿನ ಎಡತುದಿಯಲ್ಲಿ ಕೂರಿಸುತ್ತೇವೆ, ಆಗ ಪಕ್ಕದವರ ಮೊಣಕೈ ತಾಗುವುದಿಲ್ಲ. ಎಡಗೈಗೆ ಒಗ್ಗುವ ಕತ್ತರಿಗಳನ್ನೂ ತರಿಸುತ್ತಿದ್ದೇವೆ. ನಿಮ್ಮ ಮಗು ಯಾವ ಕೈ ಬಳಸುತ್ತದೆ ಎಂದು ಡೈರಿಯಲ್ಲಿ ಒಂದು ಸಾಲು ಬರೆದು, ಈ ವಾರದೊಳಗೆ ತರಗತಿ ಶಿಕ್ಷಕರಿಗೆ ಕಳಿಸಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ