ಗುಡ್ಡ ಹತ್ತಲು ಮಕ್ಕಳನ್ನು ಕಳಿಸಿಕೊಡಿ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ,
ಸಂಡೂರು ತಾಲ್ಲೂಕು, ಬಳ್ಳಾರಿ ಜಿಲ್ಲೆ

6, 7 ಮತ್ತು 8ನೇ ತರಗತಿ ಮಕ್ಕಳ ತಂದೆ ತಾಯಂದಿರಿಗೆ ನಮಸ್ಕಾರಗಳು.

ದಸರಾ ರಜೆ ಮುಗಿಸಿ ಮಕ್ಕಳು ಶಾಲೆಗೆ ಬಂದಿದ್ದಾರೆ. ರಜೆಯಲ್ಲಿ ಏನೇನು ಮಾಡಿದಿರಿ ಎಂದು ಏಳನೇ ತರಗತಿಯಲ್ಲಿ ಕೇಳಿದೆ. ಅಜ್ಜಿ ಊರಿಗೆ ಹೋದವರು, ಮನೆಮನೆಗೆ ಬನ್ನಿ ಕೊಟ್ಟು ಬಂದವರು, ಹೊಲದಲ್ಲಿ ಕಳೆ ತೆಗೆದವರು ಎಲ್ಲ ಇದ್ದರು. ಮೊಬೈಲ್ ನೋಡಿದೆವು ಎಂದು ಯಾರೂ ಬಾಯಿ ಬಿಡಲಿಲ್ಲ, ನಾನೂ ಕೇಳಲಿಲ್ಲ. ಗುಡ್ಡ ಹತ್ತಿದವರು ಯಾರು ಎಂದಾಗ ಮಾತ್ರ ಎದ್ದ ಕೈ ಮೂರೇ. ಮೂವರೂ ಕುರಿ ಕಾಯುವ ಮನೆಯವರು. ಕಿಟಕಿ ತೆರೆದರೆ ಗುಡ್ಡವೇ ಕಾಣುವ ಶಾಲೆ ನಮ್ಮದು.

ಸೆಪ್ಟೆಂಬರಿನಲ್ಲಿ ಸಂಡೂರು ನೋಡಬೇಕು ಎಂದು ಗಾಂಧೀಜಿ ಹೇಳಿದ್ದರಂತೆ. ತಾಲ್ಲೂಕಿನಲ್ಲಿ ಈ ಮಾತು ಕೇಳದವರಿಲ್ಲ. ನನ್ನನ್ನು ಕೇಳಿದರೆ ಮಕ್ಕಳ ಕಾಲಿಗೆ ಈಗಿನ ದಿನಗಳೇ ವಾಸಿ. ಮಳೆ ಹಿಂದೆ ಸರಿದಿದೆ, ಕೆಂಪು ಮಣ್ಣಿನ ಜಾರು ಒಣಗಿದೆ, ಹಸಿರು ಇನ್ನೂ ಮಾಸಿಲ್ಲ, ತಂಗಡಿ ಹೂ ಅರಳಿದೆ. ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ದಂಡಿನಲ್ಲಿ ಕಾಯಿಲೆ ಬಿದ್ದ ಸೈನಿಕರನ್ನು ಚೇತರಿಸಿಕೊಳ್ಳಲೆಂದು ಕಳಿಸುತ್ತಿದ್ದದ್ದು ನಮ್ಮ ರಾಮನದುರ್ಗಕ್ಕೆ. 3000 ಅಡಿ ಮೀರಿದ ಎತ್ತರ, ಕೆಳಗಿನ ಬಯಲಿಗಿಂತ ತಂಪು. ಅವರು ಹುಡುಕಿಕೊಂಡು ಬಂದ ಆ ಗಾಳಿ ನಮ್ಮ ಮಕ್ಕಳ ಮನೆ ಹಿಂದೆಯೇ ಇದೆ.

ಹಾಗಾಗಿ ನವೆಂಬರಿನ ಮೂರನೇ ಶನಿವಾರ, ಅಂದರೆ ಬ್ಯಾಗ್ ಇಲ್ಲದ ಸಂಭ್ರಮ ಶನಿವಾರದಂದು, ಮಕ್ಕಳನ್ನು ಕುಮಾರಸ್ವಾಮಿ ಬೆಟ್ಟಕ್ಕೆ ಕರೆದೊಯ್ಯುತ್ತೇವೆ. ಒಂದಿಷ್ಟು ದೂರ ಬಸ್ಸು, ಉಳಿದದ್ದು ನಡಿಗೆ. ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ಗುಡಿಯ ಹತ್ತಿರ ಕೂತು ಬುತ್ತಿ ಬಿಚ್ಚುವುದು, ಮಧ್ಯಾಹ್ನ ಎರಡರೊಳಗೆ ಶಾಲೆಗೆ ವಾಪಸು. ಅದಿರು ಲಾರಿ ಓಡಾಡುವ ರಸ್ತೆಯ ಅಂಚಿನಲ್ಲಿ ಮಕ್ಕಳನ್ನು ನಡೆಸುವುದಿಲ್ಲ. ಆ ಧೂಳು ಕುಡಿದು ಆರೋಗ್ಯ ಎಂದರೆ ನಗಬೇಕಾಗುತ್ತದೆ.

ಇದರಿಂದ ಏನು ಬಂತು ಎಂದು ಕೇಳುವವರಿಗೆ ಹೋದ ವರ್ಷದ ಒಂದು ಸಂಗತಿ ಹೇಳಬೇಕು. ಹೀಗೇ ಒಂದು ಸಣ್ಣ ಗುಡ್ಡ ಹತ್ತುತ್ತಿದ್ದೆವು. ತರಗತಿಯಲ್ಲಿ ಚುರುಕಾಗಿದ್ದ ಒಬ್ಬ ಹುಡುಗಿ ಅರ್ಧ ದಾರಿಗೆ ಮೂರು ಸಲ ಕೂತಳು. ತುಟಿ ಬಿಳಿಚಿತ್ತು, ಎದೆ ಡವಡವ ಅನ್ನುತ್ತದೆ ಎಂದಳು. ಸೋಮಾರಿತನ ಎಂದುಕೊಂಡು ನಾನೇ ಒಂದು ಮಾತು ಗದರಿದ್ದೆ; ಅದು ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಕಿವುಚಿದಂತಾಗುತ್ತದೆ. ಮಾರನೆಯ ವಾರ ಆಸ್ಪತ್ರೆಯಲ್ಲಿ ರಕ್ತ ತಪಾಸಣೆ ಮಾಡಿಸಿದರೆ ಹಿಮೋಗ್ಲೋಬಿನ್ 8. ಆ ವಯಸ್ಸಿನ ಹುಡುಗಿಗೆ 12 ಇರಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಅವಳು ಬಾಯಲ್ಲಿಟ್ಟುಕೊಂಡು ಹೊರಗೆ ಹೋಗಿ ಉಗಿಯುತ್ತಿದ್ದಳಂತೆ. ಬೆಂಚಿನ ಮೇಲೆ ಕೂತ ಮಗುವಿನ ರಕ್ತಹೀನತೆ ನಮ್ಮ ಕಣ್ಣಿಗೆ ಬೀಳಲಿಲ್ಲ, ಏರುದಾರಿ ಹತ್ತೇ ನಿಮಿಷದಲ್ಲಿ ತೋರಿಸಿತು. ಈಗ ಅವಳು ಚೆನ್ನಾಗಿದ್ದಾಳೆ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಏದುಸಿರು ಬರುವಷ್ಟು ಓಡಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಣ್ಣಿನ ಮಾತು ಬೇರೆ ಇದೆ. ದಿನವೂ ಬಯಲಿನ ಬೆಳಕಿನಲ್ಲಿ ಆಡುವ ಮಕ್ಕಳಿಗೆ ದೂರದ್ದು ಮಸುಕಾಗುವ ದೋಷ ಬರುವುದು ಕಡಿಮೆ. ಬೋರ್ಡು ಕಾಣಲ್ಲ ಎಂದು ಮುಂದಿನ ಬೆಂಚಿಗೆ ಬರುವವರು ವರ್ಷ ವರ್ಷ ಹೆಚ್ಚುತ್ತಿದ್ದಾರೆ.

"ಹುಡ್ಗಿ ಬಿಸಿಲಿಗೆ ಕಪ್ಪಾಗ್ತಾಳೆ ಮೇಡಂ" ಎಂದು ಹೋದ ಸಲ ನಾಲ್ಕು ಮನೆಯವರು ಹೆಣ್ಣುಮಕ್ಕಳನ್ನು ಉಳಿಸಿಕೊಂಡರು. ಅದೇ ಹುಡುಗಿಯರು ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ದಿನವಿಡೀ ಬಿಸಿಲಲ್ಲಿ ನಿಲ್ಲುತ್ತಾರೆ. ಆಗ ಯಾರೂ ಬಣ್ಣದ ಮಾತೆತ್ತಿದ್ದು ನನಗೆ ಗೊತ್ತಿಲ್ಲ.

ಕರಡಿ ಭಯ ಮಾತ್ರ ಸುಳ್ಳಲ್ಲ. 1994ರಲ್ಲಿ ಕರಡಿಗಳಿಗಾಗಿಯೇ ಆದ ದರೋಜಿ ಧಾಮ ನಮಗೆ ದೂರವೇನಲ್ಲ, ನಮ್ಮ ಗುಡ್ಡಗಳಲ್ಲೂ ಅವು ಇವೆ. ಈಗ ಸೀತಾಫಲದ ಕಾಲ ಬೇರೆ. ಆದರೆ ಕರಡಿ ಓಡಾಡುವುದು ಹೆಚ್ಚಾಗಿ ಕತ್ತಲಿನಲ್ಲಿ, ಮುಂಜಾನೆ ಮತ್ತು ಸಂಜೆಯ ಮಬ್ಬಿನಲ್ಲಿ. ಅದಕ್ಕೇ ನಾವು ಎಂಟು ಗಂಟೆ ಮೊದಲು ಹೊರಡುವುದಿಲ್ಲ. ಗುಂಪಾಗಿ, ಮಾತಾಡುತ್ತ ಹೋಗುತ್ತೇವೆ. ಪೊದೆಗೆ ನುಗ್ಗಿ ಹಣ್ಣು ಕೀಳುವಂತಿಲ್ಲ. ಹೆಜ್ಜೇನಿಗೆ ಕಲ್ಲು ಎಸೆದವರನ್ನು ಮುಂದೆ ಎಲ್ಲಿಗೂ ಕರೆದೊಯ್ಯುವುದಿಲ್ಲ ಎಂದು ಈಗಲೇ ಹೇಳಿಬಿಟ್ಟಿದ್ದೇನೆ. ಅಂದು ಮೋಡ ಕಟ್ಟಿ ಗುಡುಗಿದರೆ ಕಾರ್ಯಕ್ರಮ ಮುಂದಿನ ಶನಿವಾರಕ್ಕೆ.

ಕಾಲಿಗೆ ಶೂ ಇರಲಿ. ಸರ್ಕಾರ ಕೊಟ್ಟ ಕಪ್ಪು ಶೂ ಆಗಸ್ಟ್ 15ಕ್ಕೆ ಹಾಕಿ ಮತ್ತೆ ಡಬ್ಬ ಸೇರಿದ್ದರೆ ಈ ವಾರವೇ ತೆಗೆದು ಹಾಕಿಸಿ ರೂಢಿ ಮಾಡಿಸಿ, ಇಲ್ಲವಾದರೆ ಅಂದು ಹಿಮ್ಮಡಿ ಬೊಬ್ಬೆ ಬರುತ್ತದೆ. ಒಂದು ಲೀಟರ್ ನೀರು, ರೊಟ್ಟಿ, ಶೇಂಗಾ ಚಟ್ನಿ ಸಾಕು. ಐದು ರೂಪಾಯಿಯ ಪಾಕೀಟು ಬೇಡ. ಅದರ ಉಪ್ಪಿಗೆ ಬಾಯಾರಿಕೆ ಹೆಚ್ಚು, ಖಾಲಿ ಪಾಕೀಟು ಗುಡ್ಡದಲ್ಲೇ ಉಳಿಯುತ್ತದೆ. ಉಬ್ಬಸ, ಮೂರ್ಛೆ, ಹೃದಯದ ತೊಂದರೆ ಇರುವ ಮಕ್ಕಳ ವಿಷಯ ಮುಚ್ಚಿಡದೆ ತಿಳಿಸಿ. ಅವರನ್ನು ಬಿಟ್ಟು ಹೋಗಲು ಕೇಳುತ್ತಿಲ್ಲ, ಅವರ ಜೊತೆ ಒಬ್ಬ ಶಿಕ್ಷಕರು ನಿಧಾನವಾಗಿ ನಡೆಯಲಿ ಎಂದು.

ಮಕ್ಕಳ ಜೊತೆ ಬರುವ ತಾಯಂದಿರು ನಾಲ್ಕೈದು ಜನ ಬೇಕು. ಮಂಡಿ ನೋವು ಎಂದು ಹೆದರಬೇಡಿ, ಎಲ್ಲರಿಗಿಂತ ಹಿಂದೆ ನಾನೇ ಇರುತ್ತೇನೆ. ಒಪ್ಪಿಗೆ ಚೀಟಿಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಿ ಬುಧವಾರದೊಳಗೆ ಮಕ್ಕಳ ಕೈಯಲ್ಲಿ ಕಳಿಸಿಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ